ರಾಮಲಕ್ಷ್ಮಮ್ಮನ ಇಪ್ಪತ್ತೆಂಟು ಡಿಗ್ರಿ

ಸಾದಲಿಯಲ್ಲಿ ನಮ್ಮ ಪಕ್ಕದ ಮನೆಯ ರಾಮಲಕ್ಷ್ಮಮ್ಮ ಇಪ್ಪತ್ತೆರಡು ವರ್ಷದಿಂದ ಚಾಕಿ ಮನೆ ನಡೆಸುತ್ತಿದ್ದಾರೆ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಹತ್ತು ದಿನ ಸಾಕಿ, ಗಟ್ಟಿಯಾದ ಮೇಲೆ ರೈತರಿಗೆ ಕೊಡುವ ಕೆಲಸ. ಆ ಕೋಣೆಯಲ್ಲಿ ಇಪ್ಪತ್ತೆಂಟು ಡಿಗ್ರಿ ಅಂದರೆ ಬಾಗಿಲ ಹತ್ತಿರವೂ ಇಪ್ಪತ್ತೆಂಟು, ಮೂಲೆಯಲ್ಲೂ ಇಪ್ಪತ್ತೆಂಟು. ಬಿಸಿಯ ವಿಷಯದಲ್ಲಿ ಅವರಿಗೆ ಬುದ್ಧಿ ಹೇಳಲು ಹೋದವರು ಮುಖ ಸಪ್ಪಗೆ ಮಾಡಿಕೊಂಡು ವಾಪಸಾಗಿದ್ದಾರೆ. ಆ ಪೈಕಿ ನಾನೂ ಒಬ್ಬ.

ಕಳೆದ ಜನವರಿಯಲ್ಲಿ ಅವರ ತಂಗಿಯ ಮಗಳು ಸಂಘಮಿತ್ರ, ಟ್ರೈನಿಂಗಿಗೆ ಹೊರಟವಳು, ತನ್ನ ಸಾಕುಪ್ರಾಣಿಯನ್ನು ಎರಡು ವಾರಕ್ಕೆ ಇವರ ಬಳಿ ಬಿಟ್ಟಳು. ಗಾಜಿನ ಪೆಟ್ಟಿಗೆಯೊಳಗೆ ಮೊಳದುದ್ದದ, ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡವಿದ್ದ ಹೊರದೇಶದ ಓತಿಕ್ಯಾತ. ಒಂದು ತುದಿಯಲ್ಲಿ ಕಲ್ಲು, ಅದರ ಮೇಲೆ ಬಿಸಿ ಬಲ್ಬು, ಬಿಸಿಲಿಗೆ ಬದಲಾಗಿ ಒಂದು ಯುವಿ ಟ್ಯೂಬು. ಹೀಗೇ ಇರಲಿ ಎಂದು ಹೇಳಿಯೇ ಹೋದಳು.

ರಾಮಲಕ್ಷ್ಮಮ್ಮ ಥರ್ಮಾಮೀಟರ್ ಇಟ್ಟು ನೋಡಿದರು. ಕಲ್ಲಿನ ಹತ್ತಿರ ನಲವತ್ತು, ಇನ್ನೊಂದು ತುದಿಯಲ್ಲಿ ಇಪ್ಪತ್ತೈದು. ಓದಿದ ಹುಡುಗಿಯ ಕೆಲಸ ಇಷ್ಟೇನಾ ಎಂದು ಗೊಣಗಿಕೊಂಡು, ಕಲ್ಲಿನ ಮೇಲಿದ್ದ ಬಲ್ಬು ಬಿಚ್ಚಿಟ್ಟು, ಶಿಡ್ಲಘಟ್ಟದಿಂದ ಕೋಳಿಮರಿಗೆ ಹಾಕುವಂಥ ಎರಡು ಸಣ್ಣ ಬಲ್ಬು ತಂದು ಎರಡೂ ತುದಿಗೆ ನೇತುಹಾಕಿದರು. ಟ್ಯೂಬು ಕಣ್ಣಿಗೆ ಹೊಡೆಯುತ್ತದೆಂದು ಆರಿಸಿದರು. ಸುತ್ತ ಒದ್ದೆ ಗೋಣಿಚೀಲ ಕಟ್ಟಿದರು. ಸಂಜೆಯೊಳಗೆ ಪೆಟ್ಟಿಗೆಯಿಡೀ ಇಪ್ಪತ್ತೆಂಟು.

ಮರುದಿನದಿಂದ ಓತಿಕ್ಯಾತ ಸೊಪ್ಪು ಮೂಸಲಿಲ್ಲ. ನಾಲ್ಕನೇ ದಿನ ಮೈ ಕಪ್ಪಿಟ್ಟು, ಮಲಗಿದಲ್ಲೇ ಮಲಗಿತು. ನಂಬಿ ಬಿಟ್ಟುಹೋದ ಜೀವ ತಮ್ಮ ಕೈಯಲ್ಲೇ ಹೋಗಿಬಿಡುತ್ತದೇನೋ ಎಂದು ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಫೋನ್ ಮಾಡಲು ಇನ್ನೊಂದು ದಿನ ಹಿಡಿಯಿತು, ಬಿಗುಮಾನ ಅಂಥದ್ದು.

ಸಂಘಮಿತ್ರ ಬೈಯಲಿಲ್ಲ. ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಲು ಹೇಳಿದಳು.

"ಹುಳಕ್ಕೆ ಎಷ್ಟು ಬಿಸಿ ಬೇಕು ಅಂತ ನೀನು ನೋಡ್ತೀಯ ದೊಡ್ಡಮ್ಮ. ಇದು ತಾನೇ ನೋಡ್ಕೊಳ್ಳುತ್ತೆ. ಬೇಕಾದಾಗ ಕಲ್ಲಿನ ಮೇಲೆ ಹೋಗುತ್ತೆ, ಸಾಕಾದಾಗ ಈ ಕಡೆ ಬರುತ್ತೆ. ಮೈ ಕಾಯದೆ ಹೋದ್ರೆ ತಿಂದಿದ್ದು ಅರಗಲ್ಲ, ಅದಕ್ಕೇ ತಿಂತಿಲ್ಲ."

ರಾಮಲಕ್ಷ್ಮಮ್ಮ ಗೋಣಿ ಬಿಚ್ಚಿ, ಹೊಸ ಬಲ್ಬುಗಳನ್ನು ತೆಗೆದು, ಹಳೆಯ ಬಲ್ಬನ್ನು ಕಲ್ಲಿನ ಮೇಲೆ ಕಟ್ಟಿ, ಟ್ಯೂಬು ಹಾಕಿ, ಪೆಟ್ಟಿಗೆಯ ಎದುರಿಗೇ ಕೂತರು. ಗಂಟೆ ಕಳೆದ ಮೇಲೆ ಅದು ತೆವಳಿಕೊಂಡು ಕಲ್ಲೇರಿತು. ಮಾರನೆಯ ಬೆಳಗ್ಗೆ ಮೈ ಬಣ್ಣ ತಿಳಿಯಾಗಿತ್ತು. ಮಧ್ಯಾಹ್ನ ತಾನಾಗಿ ಇಳಿದು, ತಂಪಿನ ಕಡೆ ಬಂದು, ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿತು.

ನಾನು ಅಲ್ಲೇ ಇದ್ದೆ. ತಪ್ಪಾಯಿತು ಅನ್ನುವ ಮಾತನ್ನು ಅವರ ಬಾಯಲ್ಲಿ ಯಾವತ್ತೂ ಕೇಳಿದವನಲ್ಲ. ರಾಮಲಕ್ಷ್ಮಮ್ಮ ಸಂಘಮಿತ್ರಳಿಗೆ ಫೋನ್ ಹಚ್ಚಿ ಮೆಲ್ಲಗೆ ಹೇಳಿದರು:

"ಅದಕ್ಕೇನೂ ಕಾಯಿಲೆ ಇರ್ಲಿಲ್ಲ ಕಣಮ್ಮ. ಎಲ್ಲಾ ಕಡೆ ಒಂದೇ ಥರ ಮಾಡಿಟ್ಟು, ಅದು ಎದ್ದು ಹೋಗಕ್ಕೆ ಜಾಗಾನೇ ಇಲ್ದಂಗೆ ಮಾಡಿದ್ದೆ ನಾನು."