ಸುಣ್ಣದ ಗೆರೆಯ ಹಡಗು

ಸೆರಗನ್ನು ಸೊಂಟಕ್ಕೆ ಬಿಗಿದು, ಚಪ್ಪಲಿ ಬಿಟ್ಟು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನಮ್ಮ ಇತಿಹಾಸದ ಅಕ್ಕೋರು ಶಾಲೆಯ ಬಯಲನ್ನು ಅಳೆಯುತ್ತಿದ್ದರು. ಲೆಕ್ಕ ತಪ್ಪಬಾರದೆಂದು ತುಟಿ ಮಾತ್ರ ಅಲುಗುತ್ತಿತ್ತು. ಕೈಯಲ್ಲಿದ್ದ ಡಬ್ಬಿಯಿಂದ ಸುಣ್ಣದ ಪುಡಿ ಉದುರುತ್ತಿತ್ತು. ಗಿಡ್ಡ ಆಳು, ದಪ್ಪ ಮೈ. ಅರ್ಧ ಬಯಲು ದಾಟುವಷ್ಟರಲ್ಲಿ ಏದುಸಿರು. ಕರಿ ನೆಲದ ಮೇಲೆ ಬಿಳಿ ಗೆರೆ ಸುತ್ತಿ ಬಂದು ಕೂಡಿಕೊಂಡಾಗ, ಬೆವರು ಒರೆಸಿ ಹಣೆಗೆಲ್ಲ ಸುಣ್ಣ ಮಾಡಿಕೊಂಡು ಕೂಗುತ್ತಿದ್ದರು: "ಹಡಗ ತಯಾರಾತು. ಹತ್ತರಿ ಎಲ್ಲಾರೂ!"

ಅಮೆರಿಕದಲ್ಲಿ ಇಂಗ್ಲಿಷರು ಹೂಡಿದ ವಸಾಹತುಗಳ ಪಾಠ ಬಂದಾಗಲೆಲ್ಲ ರೋಣದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಈ ಹಡಗು ಹೊರಡುತ್ತಿತ್ತು. ಅಕ್ಕೋರು ಗಜೇಂದ್ರಗಡದ ನೇಕಾರರ ಮನೆಯವರು, ದಿನಾ ಬಸ್ಸಿನಲ್ಲೇ ಓಡಾಟ. ಮದುವೆ ಯಾಕೆ ಆಗಲಿಲ್ಲವೆಂದು ಕೇಳಿದವರಿಗೆ, "ಪುರುಸೊತ್ತ ಸಿಗಲಿಲ್ಲವಾ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹಡಗು ಹತ್ತುವವರಿಗೆ ಒಂದು ಕಟ್ಟಳೆಯಿತ್ತು. ಮರಳಿ ಬರದ ಊರಿಗೆ ಹೊರಟವರಂತೆ ಪ್ರತಿಯೊಬ್ಬಳೂ ಮನೆಯಿಂದ ಗಂಟು ಕಟ್ಟಿಕೊಂಡು ಬರಬೇಕು, ಐದೇ ಸಾಮಾನು. "ಪುಸ್ತಕ ಮುಚ್ಚರಿ, ಗಂಟ ಬಿಚ್ಚರಿ" ಎನ್ನುವುದರಿಂದಲೇ ಅವರ ಪಾಠ ಶುರು. ನಮ್ಮ ಗಂಟುಗಳಲ್ಲಿ ರೊಟ್ಟಿಯ ಹಂಚು, ಕೆಂಪು ಖಾರ, ಬೀಜದ ಬಿಳಿಜೋಳ. ನರಗುಂದದ ಕಡೆಯ ಒಬ್ಬಳು ಪೌಡರ್ ಡಬ್ಬಿ ತಂದಿದ್ದಳು.

"ಅಲ್ಲಿ ಮಂಜ ಬೀಳತೈತಿ, ಬಿಳಿಜೋಳ ಎಲ್ಲಿ ಬಿತ್ತಾಕಿ ನೀ?" ಎಂದು ಅಕ್ಕೋರು ನಗುತ್ತಿದ್ದರು. "ನಗಬ್ಯಾಡ್ರಿ, ಅವರೂ ಹಿಂಗ ಮಾಡಿದ್ರು. ಮನಿಯಿಂದ ಒಯ್ದ ಬೀಜ ಕೈ ಕೊಟ್ಟಿತು. ಮೊದಲನೇ ಚಳಿಗಾಲಕ್ಕ ಅರ್ಧಾ ಮಂದಿ ಸತ್ತ್ರು. ಅಲ್ಲಿ ಮೊದಲಿಂದ ಇದ್ದ ಮಂದಿ ಗೋವಿನಜೋಳ ಹಾಕೂದು ಕಲಿಸಿದ್ರು, ಉಳದಾವ್ರು ಉಳಕೊಂಡ್ರು."

ನಲವತ್ತು ಹುಡುಗಿಯರು ಗೆರೆಯೊಳಗೆ ಮೊಣಕಾಲು ಮಡಚಿ ಒತ್ತಿಕೊಂಡು ಕೂರಬೇಕು. ಕಾಲು ಜೋಮು ಹಿಡಿದರೂ ಏಳುವಂತಿಲ್ಲ. ಎರಡು ತಿಂಗಳ ಪ್ರಯಾಣವಲ್ಲವೇ! ಆಗ ಒಬ್ಬೊಬ್ಬಳಿಗೂ ಒಂದೊಂದು ಕಾರಣ ಹಂಚುತ್ತಿದ್ದರು. ಒಬ್ಬಳಿಗೆ ತನ್ನ ಮನಸ್ಸಿನಂತೆ ದೇವರ ಪ್ರಾರ್ಥನೆ ಮಾಡಲು ರಾಜ ಬಿಡುತ್ತಿಲ್ಲ. ಇನ್ನೊಬ್ಬಳ ಮನೆಯ ಹೊಲವೆಲ್ಲ ಹಿರಿಯ ಮಗನ ಪಾಲಾಗಿದೆ. ಮತ್ತೊಬ್ಬಳಿಗೆ ಅಲ್ಲಿ ಬಂಗಾರವಿದೆ ಎಂದು ಕಂಪನಿಯವರು ನಂಬಿಸಿದ್ದಾರೆ. ಅಷ್ಟಾದ ಮೇಲೆ ಪರೀಕ್ಷೆಯಲ್ಲಿ ಉತ್ತರ ಬರೆಯುವುದೇನು ದೊಡ್ಡದು? ನನಗೆ ಇಂದಿಗೂ ಆ ಪಾಠ ಬಾಯಿಪಾಠ.

ನಾನು ಹಡಗು ಹತ್ತಿದ ವರ್ಷದ ಮಾತು ಬೇರೆ. ಅದಕ್ಕೆ ಎರಡು ವರ್ಷ ಮೊದಲು ಮಲಪ್ರಭೆ ನಮ್ಮ ಊರೊಳಗೆ ನುಗ್ಗಿತ್ತು. ನಮ್ಮ ಮಣ್ಣಿನ ಗೋಡೆ ಕರಗಿ ಕುಳಿತದ್ದನ್ನು ನಾನೇ ಕಂಡಿದ್ದೆ. ಆಮೇಲೆ ಎತ್ತರದ ಜಾಗದಲ್ಲಿ ಸರಕಾರ ಕಟ್ಟಿಸಿದ ನವಗ್ರಾಮದಲ್ಲಿ ನಮಗೆ ಮನೆ ಸಿಕ್ಕಿತು. ಆ ಜಾಗ ಅದಕ್ಕೂ ಮೊದಲು ಕುರಿ ಮೇಯುವ ಬಯಲಾಗಿತ್ತು. ಪಕ್ಕದ ಊರಿನ ಕುರಿಯವರು ನಮ್ಮ ಹಿತ್ತಲಲ್ಲೇ ಹಾದು ಹೊಂಡದ ನೀರಿಗೆ ಹೋಗುತ್ತಿದ್ದರು. ಅವರಲ್ಲೊಬ್ಬರ ಮಗಳು ಶಾಲೆಯಲ್ಲಿ ನನ್ನ ಬೆಂಚಿನ ಗೆಳತಿ. ಅಪ್ಪ ಹಿತ್ತಲಿಗೆ ಬೇಲಿ ಹಾಕಲು ಜಾಲಿಮುಳ್ಳು ತಂದು ಒಟ್ಟಿದ್ದ. ಬೇಲಿ ಬಿದ್ದರೆ ಕುರಿಗಳು ಎರಡು ಮೈಲಿ ಸುತ್ತಬೇಕು. ಗೆಳತಿ ಬಸ್ಸಿನಲ್ಲಿ ಇದನ್ನು ಹೇಳಿ ಅತ್ತಿದ್ದಳು. ನಾನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಇದೊಂದೂ ಅಕ್ಕೋರಿಗೆ ಗೊತ್ತಿರಲಿಲ್ಲ. ಅವರು ಗೆಳತಿಯನ್ನು ಹಡಗಿನಿಂದ ಇಳಿಸಿ ಬಯಲಲ್ಲಿ ನಿಲ್ಲಿಸಿದರು. "ನೀ ಇಲ್ಲಿ ಮೊದಲಿಂದ ಇದ್ದಾಕಿ." ನಾವು ಇಳಿದು ಹಗ್ಗ ಹಿಡಿದು ನೆಲ ಹಂಚಿಕೊಂಡೆವು. ನನ್ನ ಪಾಲಿನ ಹಗ್ಗ ಸರಿಯಾಗಿ ಅವಳ ಕಾಲಿಗೆ ಬಂತು.

"ನಾ ಎಲ್ಲಿ ಹೋಗ್ಲಿ?" ಎಂದಳು.

ಅಪ್ಪ ಮನೆಯಲ್ಲಿ ಆಡುತ್ತಿದ್ದ ಮಾತನ್ನೇ ನಾನು ಒಗೆದೆ: "ಜಾಗಾ ನಿಮ್ಮ ಹೆಸರಿಗೆ ಐತೇನು? ಕಾಗದ ತೋರ್ಸು."

ಹುಡುಗಿಯರು ನಕ್ಕರು. ಅಕ್ಕೋರು ನಗಲಿಲ್ಲ. "ಹಡಗ ಇಳದಾವ್ರೂ ಇದನ್ನ ಕೇಳಿದ್ರು ನೋಡವಾ" ಎಂದರು. ಎಲ್ಲರ ಕಣ್ಣೂ ನನ್ನ ಮೇಲೆ. ಊರು ಕಳೆದುಕೊಂಡು ಬಂದ ನಾನು ಒಂದೇ ಗಳಿಗೆಯಲ್ಲಿ ಕಳ್ಳಿಯಾಗಿದ್ದೆ. ಗಂಟನ್ನು ಅಲ್ಲೇ ಬಿಟ್ಟು ಓಡಿ, ಬಸ್ಸು ಹತ್ತಿ ಮನೆಗೆ ಬಂದೆ. ಮೂರು ದಿನ ಶಾಲೆಯ ಕಡೆ ತಲೆ ಹಾಕಲಿಲ್ಲ.

ಗೆಳತಿಯಿಂದ ಎಲ್ಲ ಕೇಳಿ ತಿಳಿದ ಅಕ್ಕೋರು ಭಾನುವಾರ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದರು. ಅಪ್ಪ ಗಡಿಬಿಡಿಯಿಂದ ಕಂಬಳಿ ಹಾಸಿದ. ಅವರು ಕೂರಲಿಲ್ಲ. ನನ್ನ ಕೈ ಹಿಡಿದುಕೊಂಡು ಅಪ್ಪನ ಎದುರೇ ಹೇಳಿದರು: "ನಂದ ತಪ್ಪಾತು ತಂಗಿ. ಮನಿ ಕಳಕೊಂಡಾಕಿನ್ನ ನಾಕ ಮಂದಿ ಮುಂದ ನಿಂದ್ರಿಸಿದೆ. ಊರ ಬಿಟ್ಟ ಬಂದಾವ್ರನ್ನ ಮೊದಲ 'ಉಂಡಿರೇನು' ಅಂತ ಕೇಳಬೇಕು. ನಾ ಕೇಳಲಿಲ್ಲ."

"ಅಕ್ಕೋರ, ಹಂಗ್ಯಾಕ ಅಂತೀರಿ? ಏನಾತ್ರಿ?" ಅಪ್ಪ ತಬ್ಬಿಬ್ಬಾದ.

ಅವರು ನಡೆದದ್ದನ್ನೆಲ್ಲ ಹೇಳಿದರು, ನಾನಾಡಿದ ಮಾತನ್ನೂ ಸೇರಿಸಿ. ಅದು ಯಾರ ಮಾತೆಂದು ಅಪ್ಪನಿಗೆ ತಿಳಿಯದೆ ಇದ್ದೀತೇ? ತಲೆ ತಗ್ಗಿಸಿದ. ಹಿತ್ತಲಲ್ಲಿ ಮುಳ್ಳಿನ ರಾಶಿ ಕಣ್ಣಿಗೆ ಕಾಣುವಂತಿದ್ದರೂ ಅಕ್ಕೋರು ಬೇಲಿಯ ಸುದ್ದಿ ಎತ್ತಲಿಲ್ಲ. ಚಹಾ ಕುಡಿಯುತ್ತ, ಹಳೆಯ ಊರಿನ ಮನೆಯಲ್ಲಿ ಪಡಸಾಲೆ ಎಲ್ಲಿತ್ತು, ಎತ್ತು ಎಲ್ಲಿ ಕಟ್ಟುತ್ತಿದ್ದಿರಿ ಎಂದು ಕೇಳಿದರು. ಎರಡು ವರ್ಷ ಆ ಮನೆಯ ಹೆಸರೆತ್ತದ ಅಪ್ಪ ಬೆರಳಿನಿಂದ ನೆಲದ ಮೇಲೆ ಒಂದೊಂದೇ ಕೋಣೆ ಬರೆದು ತೋರಿಸಿದ.

ಮರುದಿನ ಬೇಲಿ ಹಾಕುವಾಗ ಅಪ್ಪ ನಡುವೆ ಹಿಂಡು ಹಾಯುವಷ್ಟು ಜಾಗ ಬಿಟ್ಟ. ಅವ್ವ ಯಾಕೆಂದು ಕೇಳಿದಳು. "ಇರ್ಲಿ, ಕುರಿ ನೀರಿಗೆ ಹೊಕ್ಕಾವು" ಎಂದಷ್ಟೇ ಹೇಳಿದ.

ಮುಂದಿನ ವರ್ಷದಿಂದ ಅಕ್ಕೋರು ಗೆರೆಯ ಹೊರಗೆ ಯಾವ ಹುಡುಗಿಯನ್ನೂ ನಿಲ್ಲಿಸಲಿಲ್ಲ. ತಾವೇ ಹೋಗಿ ನಿಂತರು.

ನಾನೀಗ ಬೆಳವಣಕಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಸಿಟ್ಟು ಜಾಸ್ತಿ, ಮಾತು ಒಮ್ಮೊಮ್ಮೆ ಚುಚ್ಚುತ್ತದೆ. ಆದರೆ ತಪ್ಪಿದಾಗ ಮಕ್ಕಳೆದುರೇ ತಪ್ಪಾಯಿತೆನ್ನಲು ಹಿಂಜರಿಯುವುದಿಲ್ಲ. ಅಕ್ಕೋರು ಅಂದು ಬರದೇ ಇದ್ದಿದ್ದರೆ ನಾನು ಮತ್ತೆ ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಕೇಳಿ ನಾನು, ಅಪ್ಪ, ಗೆಳತಿ, ಅವಳ ಅಪ್ಪ ಒಂದೇ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಹೋದೆವು. ಗಂಡಸರು ಖಬರಸ್ತಾನಕ್ಕೆ ಹೋದರು. ನಾವಿಬ್ಬರೂ ಮನೆಯ ಹೆಂಗಸರ ಜೊತೆ ಕುಳಿತು ಅತ್ತೆವು. ಅಕ್ಕೋರ ಗೋರಿಗೆ ಮಣ್ಣು ಕೊಟ್ಟು ಬಂದ ಅಪ್ಪಂದಿರಿಬ್ಬರೂ ಮನೆಯ ಕಟ್ಟೆಯ ಮೇಲೆ ಜೊತೆಗೆ ಕುಳಿತರು. ಕೈ ತೊಳೆಯಲೆಂದು ನಾನು ತಂಬಿಗೆಯಲ್ಲಿ ನೀರು ಒಯ್ದೆ. ಅಪ್ಪ ಮಣ್ಣು ಹತ್ತಿದ ಅಂಗೈಯನ್ನು ನಿಧಾನ ಮಡಚಿಕೊಂಡ.

"ಇರ್ಲಿ ಬಿಡವಾ," ಎಂದ. "ಇನ್ನೊಂದ ಸ್ವಲ್ಪ ಹೊತ್ತ ಇರ್ಲಿ."