ಕುರಿ ಮಲಗದ ಜಾಗ

ಹೊಳಲ್ಕೆರೆಗೆ ಬಂದ ಮರುದಿನವೇ ನನ್ನ ಬೆಡ್‌ಶೀಟ್ ಹಾರಿಹೋಯಿತು! ಕುಂದಾಪುರದವರಾದ ನಮಗೆ ಬಟ್ಟೆ ಒಣಗುವುದಿಲ್ಲವೆಂಬ ಗೋಳು ಗೊತ್ತು, ಹಾರುತ್ತದೆಂಬ ಭಯ ಎಲ್ಲಿತ್ತು? ಮನೆ ಬಾಡಿಗೆಗೆ ಕೊಟ್ಟ ಗೌರಮ್ಮ ಅದನ್ನು ಮೂರನೇ ಮನೆಯ ತಾರಸಿಯಿಂದ ಹಿಡಿದು ತಂದರು.

"ಈ ಗಾಳಿಗೆ ಕ್ಲಿಪ್ ಎಲ್ಲಿ ಸಾಕಾಗ್ತವೆ? ನಾಕು ಮೂಲಿಗೂ ಕಲ್ಲು ಕಟ್ರಿ. ಮತ್ತೆ, ಮನೇಲಿ ಮೀನು ಮಾತ್ರ ಬ್ಯಾಡ್ರಿ ತಾಯಿ."

ಮೀನಿಲ್ಲದೆ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮುದ್ದೆಯನ್ನಂತೂ ಅಗಿದು ಅಗಿದು ನಗೆಪಾಟಲಾದೆ. "ನುಂಗ್ರಿ, ಅಗೀಬ್ಯಾಡ್ರಿ!" ಎಂದು ಗೌರಮ್ಮ ದಿನವೂ ಗದರುತ್ತಿದ್ದರು. ಈಗ ನುಂಗುತ್ತೇನೆ, ಬಸ್ಸಾರಿದ್ದರೆ ಎರಡು.

ನನ್ನ ಕೆಲಸ ನೆಲದೊಳಗಿನ ಅದಿರಿನ ಚಿತ್ರ ಬರೆಯುವುದು. ಹೊಸದುರ್ಗದ ಕಡೆಯ ಗುಡ್ಡವೊಂದರಲ್ಲಿ ಅಲ್ಲಲ್ಲಿ ಕೊರೆದು, ಕಲ್ಲಿನ ಕೋಲುಗಳನ್ನು ಹೊರತೆಗೆದಿದ್ದರು. ಯಾವ ತೂತಿನಲ್ಲಿ, ಎಷ್ಟು ಆಳದಲ್ಲಿ ಕರಿ ಮ್ಯಾಂಗನೀಸ್ ಸಿಕ್ಕಿತೆಂದು ಹೇಳಿದರೆ ಕಂಪ್ಯೂಟರ್ ಮೂರು ಆಯಾಮದ ಮಾದರಿ ಕಟ್ಟುತ್ತದೆ. ಅದಿರು ಎಷ್ಟಿದೆಯೆಂಬ ಅಂದಾಜು ಅದರಿಂದಲೇ. ಆದರೆ ಎರಡು ತೂತುಗಳ ನಡುವಿನದೆಲ್ಲ ಊಹೆ. ನಾನು ಎಲ್ಲವನ್ನೂ ಜೋಡಿಸಿ ಅದಿರಿನ ಒಂದೇ ಅಖಂಡ ಹಾಸು ಮಾಡಿದೆ. ನಮ್ಮ ಆಫೀಸಿನ ಸಾಹೇಬರು ಹಿಗ್ಗಿದರು. ಇದು ಪಾಸಾದರೆ ನನ್ನ ಕೆಲಸ ಕಾಯಂ.

ವರದಿ ಕಳಿಸಲು ಎರಡು ದಿನವಿರುವಾಗ ಮತ್ತೊಮ್ಮೆ ಗುಡ್ಡಕ್ಕೆ ಹೋದೆ. ಅಲ್ಲಿ ಕುರಿ ಕಾಯುವ ಈರಕ್ಕ ರೊಪ್ಪ, ಅಂದರೆ ಕುರಿ ಕೂಡುವ ಮುಳ್ಳುಬೇಲಿ, ಹಾಕುತ್ತಿದ್ದಳು. ಅದೂ ಕಲ್ಲುಗಳ ನಡುವೆ! "ಅಲ್ಲಿ ಸಪಾಟು ಜಾಗ ಐತಲ್ಲ?" ಎಂದೆ, ಹೊಸದಾಗಿ ಕಲಿತ ಭಾಷೆಯ ಜಂಬದಲ್ಲಿ.

"ಆ ಪಟ್ಟಿ ಮ್ಯಾಲೆ ನಮ್ಮತ್ತೆ ಕಾಲದಿಂದ್ಲೂ ಹಾಕಲ್ಲ ಕಣವ್ವ. ಬ್ಯಾಸಗೇಲೂ ತೇವ ಐತೆ. ಕುರಿ ಕಾಲು ಕೊಳಿತವೆ."

ತಟ್ಟನೆ ನಕ್ಷೆ ತೆಗೆದೆ. ಬೇಸಿಗೆಯಲ್ಲೂ ಉದ್ದಕ್ಕೆ ತೇವವೆಂದರೆ ಒಳಗೆ ಕಲ್ಲು ಸೀಳಿದ ಬಿರುಕಿರಬೇಕು. ಆ ಪಟ್ಟಿ ನನ್ನ ಹಾಸಿನ ನಟ್ಟನಡುವೆ ಹಾಯುತ್ತಿತ್ತು, ಅಂದರೆ ಅದಿರು ಅಲ್ಲಿ ಕಡಿದುಹೋಗಿರಬಹುದು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹಾಗೂ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಮರುದಿನ ಹೋಗಿ ಸಾಹೇಬರಿಗೆ ಹೇಳಿಬಿಟ್ಟೆ.

"ಕುರಿ ಮಾತು ಕೇಳಿ ಮಾದರಿ ಒಡೀತೀರೇನ್ರಿ?" ಎಂದು ಸಾಹೇಬರು ಸಿಡುಕಿದರು. ಆದರೂ ವರದಿ ತಡೆದು ಅಲ್ಲೊಂದು ತೂತು ಕೊರೆಸಿದರು. ಬಂದದ್ದು ಪುಡಿಗಲ್ಲು, ಕೆಸರು. ಅದಿರಿನ ಚೂರೂ ಇಲ್ಲ. ಹಾಸು ಎರಡಾಯಿತು, ಅಂದಾಜು ಇಳಿಯಿತು. ಸಾಹೇಬರು ಹೊಸ ಅಂದಾಜು ಓದಿ, "ಗಣಿ ತೋಡಿದ ಮ್ಯಾಲೆ ಗೊತ್ತಾಗಿದ್ರೆ ನಮ್ಮ ಮಾನ ಹೋಗ್ತಿತ್ತು" ಎಂದರು. ಕಾಯಂ ಆದೇಶಕ್ಕೆ ಸಹಿ ಬಿತ್ತು. ಮಾದರಿಯಲ್ಲಿ ಆ ಬಿರುಕಿಗೆ 'ಈರಕ್ಕ' ಎಂದೇ ಹೆಸರಿಟ್ಟೆ. ತೋರಿಸಿದರೆ, "ನನ್ ಹೆಸ್ರಿಗೆ ಬಿರುಕೇ ಸಿಕ್ತೇನವ್ವ?" ಎಂದು ಬಿದ್ದುಬಿದ್ದು ನಕ್ಕಳು.

ಆದೇಶ ಹಿಡಿದು ಮಳೆಗಾಲದಲ್ಲಿ ಮನೆಗೆ ಹೋದೆ. ಅಮ್ಮ ಬಂಗುಡೆ ಹುರಿದಿದ್ದಳು, ತಟ್ಟೆ ನೆಕ್ಕಿದೆ. ಜಗುಲಿಯ ಹಗ್ಗಕ್ಕೆ ಬೆಡ್‌ಶೀಟ್ ಹಾಕುವಾಗ ಕೈ ತಾನಾಗಿ ನಾಲ್ಕು ಮೂಲೆಗೂ ಕಲ್ಲು ಕಟ್ಟಿತು.

"ಗಾಳಿಯೇ ಇಲ್ಲ, ಕಲ್ಲ್ ಎಂತಕೆ, ಹೆಣೆ?" ಎಂದಳು ಅಮ್ಮ. "ಇನ್ನ್ ಅಲ್ಲೇ ಇಪ್ಪುದಾ?"

ನನಗೆ ಎರಡೂ ಊರು ಬೇಕು. ಕಲ್ಲು ಬಿಚ್ಚಲು ಮನಸ್ಸಾಗಲಿಲ್ಲ. ಮೂರು ದಿನ ಆ ಶೀಟು ಒಣಗಲೂ ಇಲ್ಲ, ಹಾರಲೂ ಇಲ್ಲ.