ಹತ್ತು ಕಿಲೋ ಇಳಿಸಿಕೊಂಡು ಬಂದ ತ್ರಿಶಲಾಬಾಯಿ

2022ರ ಜೂನ್. ಚಿಕ್ಕೋಡಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಡಯಟೀಶಿಯನ್ ಆಗಿ ಸೇರಿ ನನಗೆ ಎಂಟು ತಿಂಗಳಾಗಿತ್ತು. ಎಲುಬಿನ ಡಾಕ್ಟರು ಅಂಕಲಿಯ ತ್ರಿಶಲಾಬಾಯಿಯವರನ್ನು ನನ್ನ ಕೋಣೆಗೆ ಕಳುಹಿಸಿದರು. ವಯಸ್ಸು ಅರವತ್ತೇಳು, ತೂಕ ಎಂಬತ್ತೆಂಟು ಕಿಲೋ. ಬಲ ಮೊಣಕಾಲಿನ ಕೀಲು ಪೂರ್ತಿ ಸವೆದಿತ್ತು. ತೂಕ ಎಪ್ಪತ್ತೆಂಟಕ್ಕೆ ಇಳಿದರೆ ಮಾತ್ರ ಕೀಲು ಬದಲಿಸುವ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಶೌಚಾಲಯಕ್ಕೂ ಸೊಸೆಯ ಹೆಗಲು ಹಿಡಿದು ಹೋಗಬೇಕಾಗಿತ್ತು. ಅದೊಂದು ತಪ್ಪಿದರೆ ಸಾಕು ಎಂಬುದೇ ಅವರ ಹಟ.

ನಾನು ಎಲ್ಲರಿಗೂ ಕೊಡುವ ಅಚ್ಚಾದ ಚಾರ್ಟನ್ನೇ ಕೊಟ್ಟೆ. ಬೆಳಿಗ್ಗೆ ಮೊಟ್ಟೆಯ ಬಿಳಿಭಾಗ, ಮಧ್ಯಾಹ್ನ ಮೊಳಕೆ ಕಾಳು, ಕ್ಯಾರೆಟ್, ರಾತ್ರಿ ಎಂಟಕ್ಕೆ ಎರಡು ಚಪಾತಿ. ಮಗ ಭರತೇಶ ಓದಿ ಹೇಳುತ್ತಿದ್ದಂತೆ ತಾಯಿಯ ಮುಖ ಬಿಗಿಯಿತು.

"ನಾವು ಜೈನರು ಅಂತ ಈಕೀಗೆ ಯಾರೂ ಹೇಳಿಲ್ಲೇನು? ಹೊತ್ತು ಮುಳುಗಿದ ಮ್ಯಾಲ ನಮ್ಮ ಮನ್ಯಾಗ ಒಲಿ ಹಚ್ಚೂದಿಲ್ಲ. ತತ್ತಿ ತಿನ್ನಬೇಕಂತ! ನಿನ್ನ ವಯಸ್ಸೆಷ್ಟ ಬೇ?"

"ಇಪ್ಪತ್ತಾರ್ರಿ."

"ನನ್ನ ಮೊಮ್ಮಗಳಕಿಂತ ಎರಡ ವರ್ಷ ದೊಡ್ಡಾಕಿ. ಆಕೀಗೂ ಇಷ್ಟ ಸೊಕ್ಕಿಲ್ಲ."

ಅಲ್ಲಿಯೇ ಕ್ಷಮೆ ಕೇಳಬೇಕಿತ್ತು. ನನಗೂ ಸಿಟ್ಟು ಬಂದಿತ್ತು. "ಹೆಂಗರ ಇಳಸ್ರಿ. ಹತ್ತು ಕಿಲೋ ಇಳೀದ ಇಲ್ಲಿ ಬರಬ್ಯಾಡ್ರಿ" ಎಂದೆ.

ಜುಲೈಯಲ್ಲಿ ಚಾತುರ್ಮಾಸ ಹಿಡಿಯಿತು. ಮಳೆಗಾಲದ ಆ ನಾಲ್ಕು ತಿಂಗಳು ಅವರಿಗೆ ವ್ರತದ ಕಾಲ. ಪ್ರತಿವರ್ಷ ವಾರಕ್ಕೊಂದು ದಿನ ಮಾತ್ರ ಏಕಭುಕ್ತ, ಅಂದರೆ ಒಂದೇ ಹೊತ್ತಿನ ಊಟ, ಮಾಡುತ್ತಿದ್ದವರು ಆ ಸಲ ನಾಲ್ಕೂ ತಿಂಗಳು ದಿನವೂ ಏಕಭುಕ್ತವೆಂದು ವ್ರತ ಹಿಡಿದುಬಿಟ್ಟರು.

ಸೆಪ್ಟೆಂಬರ್ ಕೊನೆಗೆ ಬಂದಾಗ ತೂಕದ ಕಾಟಾ ಎಪ್ಪತ್ತೇಳೂವರೆ ತೋರಿಸಿತು.

"ನಿನ್ನ ಚೀಟಿ ಒಲಿಗೆ ಹಾಕೀನಿ. ಈಗ ನೋಡು" ಎಂದರು.

ನಾನು ಆಪರೇಷನ್‌ಗೆ ಅಡ್ಡಿಯಿಲ್ಲವೆಂದು ಬರೆದು ಸಹಿ ಮಾಡಿದೆ. ಹೊರಡಲೆಂದು ಅವರು ಕುರ್ಚಿಯ ಕೈ ಹಿಡಿದು ಎದ್ದರು. ಅರ್ಧಕ್ಕೇ ಕುಸಿದು ಕುಳಿತರು. ಎರಡನೆಯ ಸಲವೂ ಹಾಗೆಯೇ ಆಯಿತು. ಜೂನ್‌ನಲ್ಲಿ ನೋವಿದ್ದರೂ ಅದೇ ಕುರ್ಚಿಯಿಂದ ತಾವೇ ಎದ್ದಿದ್ದರು. ಜೊತೆಗೆ ಬಂದಿದ್ದ ಸೊಸೆಯನ್ನು ಕೇಳಿದೆ. ಆ ಒಂದು ಊಟವೆಂದರೆ ಒಂದು ಜೋಳದ ಭಕ್ರಿ, ಹಿಡಿ ಅನ್ನ, ನೀರು ಸಾರು. ಉಳಿದ ಹೊತ್ತೆಲ್ಲ ಮಂಚದ ಮೇಲೆ.

ವಯಸ್ಸಾದವರು ಪ್ರೋಟೀನ್ ಇಲ್ಲದೆ, ಅಲುಗಾಡದೆ ತೂಕ ಇಳಿಸಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಹೊಸ ಕೀಲನ್ನು ಎತ್ತಿ ನಡೆಸಬೇಕಾದದ್ದು ತೊಡೆಯ ಸ್ನಾಯು. ಪುಸ್ತಕದಲ್ಲಿ ಓದಿದ್ದೆ, ಅವರಿಗೆ ಹೇಳಿರಲಿಲ್ಲ. ಸಹಿಯ ಮೇಲೆ ಗೆರೆ ಎಳೆದೆ. ಭರತೇಶ ಮೇಜು ಗುದ್ದಿದರು.

"ಹತ್ತ ಕಿಲೋ ಅಂದ್ರಿ, ಇಳಿಸ್ಯಾರ. ಈಗ ಆಪರೇಷನ್ ಬ್ಯಾಡ ಅಂತೀರಿ? ನಮ್ಮವ್ವ ಏನ್ ನಿಮಗ ಆಟಗಿ ಸಾಮಾನೇನ್ರಿ?"

"ತಪ್ಪ ನಂದ ಐತ್ರಿ. ಕಿಲೋ ಅಷ್ಟ ಹೇಳಿದೆ, ಏನ ಇಳೀಬೇಕು ಅನ್ನೂದ ಹೇಳಲಿಲ್ಲ. ನಿಮ್ಮ ಊಟ ನನಗ ಗೊತ್ತಿಲ್ಲ. ನೀವ ಹೇಳ್ರಿ, ಬರಕೋತೀನಿ."

ವ್ರತ ಬಿಡುವ ಮಾತೇ ಇರಲಿಲ್ಲ. ತ್ರಿಶಲಾಬಾಯಿ ಬೈಯುತ್ತಲೇ ಹೇಳಿದರು, ನಾನು ಬರೆದೆ. ಅದೇ ಒಂದು ಊಟದಲ್ಲಿ ಗಟ್ಟಿ ತೊಗರಿ ಬ್ಯಾಳಿ, ಕಡಲೆ ಹಿಟ್ಟಿನ ಜುಣಕ, ಅರ್ಧ ಭಕ್ರಿ. ಜೊತೆಗೆ ಮೊಸರೂ ಇರಲಿ ಎಂದೆ.

"ಮಸರು, ಬ್ಯಾಳಿ ಕೂಡ್ಸಿ ನಾವು ತಿನ್ನೂದಿಲ್ಲ. ಕಾಟು ಹೊಡಿ."

ಮೊಸರಿನ ಮೇಲೆ ಗೆರೆ ಎಳೆದೆ. ಊಟದ ಜೊತೆಗೆ ದಿನಕ್ಕೆ ಎರಡು ಸಲ, ಹತ್ತು ಹತ್ತು ಬಾರಿ ಮಂಚದಿಂದ ಏಳುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕಲಿಸಿದರು. ವ್ರತ ಮುಗಿದ ಮೇಲೆ ಅದೇ ಊಟವನ್ನು ಎರಡು ಹೊತ್ತಿಗೆ ಹಂಚಿದೆವು.

ಡಿಸೆಂಬರಿನಲ್ಲಿ ತೂಕ ಎಪ್ಪತ್ತೊಂಬತ್ತೂವರೆ. ಎಪ್ಪತ್ತೆಂಟಕ್ಕಿಂತ ಒಂದೂವರೆ ಕಿಲೋ ಹೆಚ್ಚಿದೆಯಲ್ಲ ಎಂದು ಡಾಕ್ಟರು ಆಕ್ಷೇಪಿಸಿದರು. ಆಧಾರ ಹಿಡಿಯದೆ ಏಳುತ್ತಾರೆ, ನೀವೇ ನೋಡಿ ಎಂದೆ. ನೋಡಿ ಒಪ್ಪಿದರು.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಕಾಟಾ ಎಷ್ಟು ಇಳಿಯಿತೆಂದು ಹೇಳುತ್ತದೆ, ಏನು ಇಳಿಯಿತೆಂದು ಹೇಳುವುದಿಲ್ಲ. ಅದನ್ನು ತಿಳಿಯಲು ಎದುರಿಗಿದ್ದವರ ಅಡುಗೆಮನೆಯನ್ನು ಕೇಳಬೇಕು, ಅವರ ಬೈಗುಳವನ್ನೂ ಕೇಳಬೇಕು.

ಆಪರೇಷನ್ ಆದ ಮೇಲೆ ಫೆಬ್ರುವರಿಯಲ್ಲಿ ತಪಾಸಣೆಗೆ ಬಂದಾಗ ತ್ರಿಶಲಾಬಾಯಿಯವರ ಜೊತೆ ಸೊಸೆ ಇರಲಿಲ್ಲ, ಕೈಯಲ್ಲೊಂದು ಕೋಲಷ್ಟೇ. ನನ್ನನ್ನು ಮಾತಾಡಿಸಲಿಲ್ಲ. ಪಾಳಿಯಲ್ಲಿ ಕೂತಿದ್ದ ರಾಯಬಾಗದ ಹೆಂಗಸಿಗೆ ನನ್ನ ಬಾಗಿಲು ತೋರಿಸಿ, ನನಗೂ ಕೇಳುವಂತೆ ಹೇಳಿದರು:

"ಆಕೀಗೆ ಏನೂ ತಿಳಿಯೂದಿಲ್ಲ. ಆದ್ರ ಕೇಳಿ ಬರಕೋತಾಳ. ಒಳಗ ಹೋಗು."